ಗರತಿಯ ಹೆಸರೇನು?

ನಮ್ಮ ಕಡೆ ‘ಹವ್ಯಾಸಿ ಸಂಗೀತಗಾರ’ ಎಂಬ ಮಾತು ಮೊದಲು ಇರಲೇ ಇಲ್ಲ. ಹಾಡು ಬರುವವರು ಇದ್ದರು, ಬಾರದವರು ಇದ್ದರು, ಅಷ್ಟೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆ ಸುತ್ತಿ ಬನ್ನಿ, ಭಜನಿ ಮಂಡಳಿ ಇಲ್ಲದ ಊರು ಸಿಗುವುದು ಕಷ್ಟ. ಹಗಲು ಕಬ್ಬಿನ ಹೊಲದಲ್ಲಿ ಕಳೆ ತೆಗೆದವನು ರಾತ್ರಿ ಗುಡಿಯಲ್ಲಿ ಪೇಟಿಯ ಮುಂದೆ ಕೂಡುತ್ತಾನೆ. ಅಂಗಡಿಕಾರನು ತಾಳ ಹಿಡಿಯುತ್ತಾನೆ. ಒಂದು ಗುಡಿಯಲ್ಲಿ ತತ್ವಪದ, ಪಕ್ಕದ ಓಣಿಯಲ್ಲಿ ಮರಾಠಿ ಅಭಂಗ, ಮೊಹರಮ್ಮಿನಲ್ಲಿ ರಿವಾಯತ ಪದ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಡೊಳ್ಳಿನ ಹಾಡು. ಗಡಿಯ ಊರುಗಳಾದ್ದರಿಂದ ಎರಡು ಭಾಷೆಯ ಹಾಡೂ ನಮ್ಮವೇ. ಇವರಲ್ಲಿ ಯಾರೂ ಹಾಡಿ ಹೊಟ್ಟೆ ಹೊರೆದವರಲ್ಲ, ಹಾಡದೆ ನಿದ್ದೆ ಹತ್ತಿದವರೂ ಅಲ್ಲ.

ಇದು ಗಂಡಸರ ಮಾತಾಯಿತು. ಹೆಂಗಸರ ಹಾಡಿಗೆ ಗುಡಿಯೂ ಇರಲಿಲ್ಲ, ಮಂಡಳಿಯೂ ಇರಲಿಲ್ಲ. ಬೀಸುವ ಕಲ್ಲು ಇತ್ತು, ತೊಟ್ಟಿಲು ಇತ್ತು, ಮದುವೆಯ ಹಂದರ ಇತ್ತು, ಪಂಚಮಿಯ ಜೋಕಾಲಿ ಇತ್ತು. ನನ್ನ ಸೋದರತ್ತೆ ಬೆಳಗಿನ ನಾಲ್ಕಕ್ಕೆ ಎದ್ದು ಜೋಳ ಬೀಸುವಾಗ ಹಾಡುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂತು. ಕಲ್ಲು ಹಿತ್ತಲಿಗೆ ಹೋಯಿತು, ಹಾಡೂ ಅದರ ಹಿಂದೆಯೇ ಹೋಯಿತು. ಗಿರಣಿ ಬಂದದ್ದು ಕೆಟ್ಟದ್ದೆಂದು ನಾನು ಹೇಳಲಾರೆ. ಕಲ್ಲು ತಿರುವಿದ ಕೈಗಳನ್ನು ಕೇಳಿದರೆ ನಿಜ ತಿಳಿಯುತ್ತದೆ. ಆದರೆ ಅವಳ ಆ ಹಾಡುಗಳಲ್ಲಿ ಒಂದೂ ಇಂದು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಪೂರ್ತಿ ಉಳಿದಿಲ್ಲ.

ಹಳ್ಳಿಯ ಹೆಂಗಸರ ಹಾಡಿಗೆ ಮರ್ಯಾದೆ ತಂದವರು ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು. ಅವರ ಬಳಗ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಿತು. ಓದಿದವರು ಬೆರಗಾದರು, ಓದು ಬಾರದ ಹೆಣ್ಣುಮಕ್ಕಳ ಬಾಯಲ್ಲಿ ಇಂಥ ಕಾವ್ಯವೇ ಎಂದರು. ಬಿ.ಎ. ಓದುವಾಗ ನಾನೂ ಹಾಗೇ ಅಂದವಳು. ಆ ಬಳಗದ ಉಪಕಾರ ಸಣ್ಣದಲ್ಲ. ಆದರೂ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಕೂಡಿಸಿದವರ ಹೆಸರು ನಮಗೆಲ್ಲ ಬಾಯಿಪಾಠ. ಹಾಡಿದವರು ಮಾತ್ರ ‘ಗರತಿ’ ಎಂಬ ಒಂದೇ ಹೆಸರಿನಲ್ಲಿ ಉಳಿದರು. ಆ ಗರತಿ ಯಾವ ಊರಿನವಳು, ಯಾರ ಹತ್ತಿರ ಕಲಿತಳು, ಅವಳ ಹೆಸರೇನು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ ಅದು ನಮ್ಮ ಮನೆಯ ಕತೆಯಾಗಿ ಕಾಣುತ್ತದೆ.

ಭಾರತದಲ್ಲಿ ಗ್ರಾಮೋಫೋನ್ ಕಂಪನಿಯವರು ಮೊದಲು ಹಾಡು ಮುದ್ರಿಸಿದ್ದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಆಗ ಹಾಡಿದವರಲ್ಲಿ ಹೆಸರಾದವಳು ಗೌಹರ್ ಜಾನ್. ಹಾಡು ಮುಗಿದ ಕೂಡಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಅದು ಜಂಬವಲ್ಲ. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗಿ ಬರಬೇಕಿತ್ತು. ಯಾರ ಹಾಡು ಎಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಮಾಡಿಕೊಂಡ ಏರ್ಪಾಡು. ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟಿನಷ್ಟೇ ಜಾಗ. ಗಂಟೆಗಟ್ಟಲೆ ಹಾಡುವ ಖಯಾಲನ್ನು ಆ ಮೂರು ಮಿನಿಟಿಗೆ ಹಿಡಿಸಬೇಕು, ಕೊನೆಗೆ ಹೆಸರಿಗೂ ಜಾಗ ಉಳಿಸಬೇಕು. ಅದನ್ನು ಮಾಡಿದವಳು ಒಬ್ಬ ಹೆಂಗಸು.

ತಟ್ಟೆಯಿಂದ ಕಲಿಯುವುದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ದೊಡ್ಡ ಗವಾಯಿಗಳ ತಟ್ಟೆ ಕೇಳಿ ಅವರಂತೆಯೇ ಹಾಡಿ ತೋರಿಸುತ್ತಿದ್ದ. ಮುಂದೆ ಅವನೇ ಕುಮಾರ ಗಂಧರ್ವರಾದರು. ಗದಗಿನ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ತಟ್ಟೆಯ ಒಂದು ಠುಮ್ರಿ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದರು. ಆ ಖಾನಸಾಹೇಬರು ನೆಲೆಸಿದ್ದು ಕಾಗವಾಡದ ಬಗಲಿನ ಮಿರಜದಲ್ಲಿ. ಇವತ್ತು ಮಕ್ಕಳು ಮೊಬೈಲಿನಿಂದ ಹಾಡು ಕಲಿಯುತ್ತಾರೆಂದು ಮೂಗು ಮುರಿಯುವ ಹಿರಿಯರಿಗೆ ನಾನು ಈ ಎರಡು ಉದಾಹರಣೆ ಕೊಡುತ್ತೇನೆ. ಯಂತ್ರದಿಂದ ಕಿಡಿ ಹತ್ತಬಹುದು. ಒಲೆ ಉರಿಯಲಿಕ್ಕೆ ಇಬ್ಬರಿಗೂ ಗುರು ಬೇಕಾಯಿತು ಎಂಬುದನ್ನೂ ಮಕ್ಕಳಿಗೆ ಹೇಳುತ್ತೇನೆ.

ಹೆಣ್ಣುಮಕ್ಕಳ ದಾರಿ ಇಷ್ಟು ಸಲೀಸಾಗಿರಲಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಮಿರಜದಲ್ಲಿ ಹುಟ್ಟಿದ ಹೀರಾಬಾಯಿ ಬಡೋದೇಕರರು ಟಿಕೇಟು ಇಟ್ಟು ಸಾರ್ವಜನಿಕ ಕಚೇರಿ ಮಾಡಿದ ಮೊದಲ ಹೆಂಗಸರಲ್ಲೊಬ್ಬರು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಗಂಡಸರೇ ತುಂಬಿದ್ದ ಶ್ರೀಕೃಷ್ಣ ಪಾರಿಜಾತದ ಅಟ್ಟದ ಮೇಲೆ ನಿಂತು ಹೆಸರು ಮಾಡಿದಳು. ಇವರೆಲ್ಲ ಹಾಡನ್ನೇ ಬದುಕು ಮಾಡಿಕೊಂಡವರು, ಅದಕ್ಕಾಗಿ ಊರಿನ ಮಾತು ಕೇಳಿದವರು. ಸಂಸಾರಸ್ಥ ಹೆಣ್ಣುಮಗಳು ಅವರ ಹಾಡಿಗೆ ತಲೆದೂಗಬಹುದಿತ್ತು. ತಾನು ಹಾಡಿದರೆ ‘ನಮ್ಮ ಮನಿ ಹೆಣ್ಣಮಕ್ಕಳು ಹಾಡೂದು ಅಂದ್ರೇನು’ ಎಂಬ ಮಾತು ಬರುತ್ತಿತ್ತು. ಹಂದರದ ಕೆಳಗೆ ಹಾಡಿದರೆ ಶೋಭೆ, ಅದೇ ಹಾಡು ಮೈಕಿನ ಮುಂದೆ ಬಂದರೆ ಅವಮಾನ. ಈ ಗೆರೆಯನ್ನು ಎಳೆದವರು ಯಾರೆಂದು ಯಾರೂ ಕೇಳಲಿಲ್ಲ.

ರೇಡಿಯೋ ಈ ಗೆರೆಯನ್ನು ಸ್ವಲ್ಪ ಅಳಿಸಿತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಸಾಂಗ್ಲಿಯದು 1963ರಲ್ಲಿ. ಮುಳ್ಳನ್ನು ಒಂದು ಕಡೆ ತಿರುವಿದರೆ ಕನ್ನಡ, ಇನ್ನೊಂದು ಕಡೆ ಮರಾಠಿ. ನಮ್ಮ ಮನೆಯಲ್ಲಿ ಅಪ್ಪನಿಗೂ ಅಜ್ಜಿಗೂ ಇದೇ ಜಗಳ. ಸರಕಾರದ ರೇಡಿಯೋ ಆದ್ದರಿಂದ ಅಲ್ಲಿ ಹಾಡುವುದು ಮರ್ಯಾದೆಯ ಕೆಲಸವೆನಿಸಿತು. ಶಿಕ್ಷಕಿಯರು, ಗೃಹಿಣಿಯರು ಭಾವಗೀತೆ ಹಾಡಲು ಹೋದರು. ಆದರೆ ಬಾಗಿಲಲ್ಲಿ ಧ್ವನಿ ಪರೀಕ್ಷೆ ಇತ್ತು. 1952ರಲ್ಲಿ ಈ ಪರೀಕ್ಷೆಯನ್ನು ಇಡೀ ದೇಶಕ್ಕೆ ಒಂದೇ ಪದ್ಧತಿಯಾಗಿ ಬಿಗಿಗೊಳಿಸಿ, ಕಲಾವಿದರಿಗೆ ಎ, ಬಿ ಎಂದು ದರ್ಜೆ ಹಚ್ಚಿದರು. ಶಾಸ್ತ್ರ ಕಲಿಯದವರಿಗೆ ಆ ಬಾಗಿಲು ಎತ್ತರವಾಯಿತು.

ಅದಕ್ಕಿಂತ ವಿಚಿತ್ರವಾದದ್ದು ಪೇಟಿಯ ಕತೆ. ನಮ್ಮ ಪ್ರತಿಯೊಂದು ಭಜನಿ ಮಂಡಳಿಯ ಜೀವಾಳವೇ ಹಾರ್ಮೋನಿಯಂ. ಆ ಪೇಟಿಗೆ ಆಕಾಶವಾಣಿ 1940ರ ಮಾರ್ಚಿನಿಂದ ಬಹಿಷ್ಕಾರ ಹಾಕಿತ್ತು. ಅದರ ಸ್ವರಗಳು ಗಟ್ಟಿಯಾಗಿ ಕುಳಿತಿವೆ, ಮೀಂಡು ಗಮಕ ಬರುವುದಿಲ್ಲ, ಅದು ಪರದೇಶಿ ವಾದ್ಯ ಎಂಬುದು ಆಕ್ಷೇಪ. ಆ ನಿಷೇಧ ಸಡಿಲಾಗಲು 1971 ಬರಬೇಕಾಯಿತು, ಅದೂ ಪೂರ್ತಿಯಾಗಿ ಅಲ್ಲ. ಮೂವತ್ತು ವರ್ಷ ನಮ್ಮ ಹಳ್ಳಿಯ ಗುಡಿಗಳಲ್ಲಿ ದಿನಾ ನುಡಿಯುತ್ತಿದ್ದ ವಾದ್ಯಕ್ಕೆ ದೇಶದ ರೇಡಿಯೋದಲ್ಲಿ ಜಾಗವಿರಲಿಲ್ಲ! ಯಾವುದು ಸಂಗೀತ ಎಂದು ತೀರ್ಮಾನಿಸುವವರು ದೂರದಲ್ಲಿ ಕುಳಿತಿದ್ದರೆ ಹೀಗೆಯೇ ಆಗುತ್ತದೆ.

ಆ ತೀರ್ಮಾನವನ್ನು ಮೊದಲು ನಮ್ಮ ಕೈಗೆ ಕೊಟ್ಟದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದರೂ ನಮ್ಮ ಊರುಗಳಿಗೆ ಅದು ಸಾಮಾನ್ಯವಾದದ್ದು ಎಂಬತ್ತರ ದಶಕದಲ್ಲಿ. ಸೈನ್ಯದಲ್ಲಿದ್ದವರು, ಕೊಲ್ಲಿ ದೇಶಕ್ಕೆ ಹೋದವರು ಟೂ-ಇನ್-ವನ್ ತಂದರು. ಕೆಂಪು ಗುಂಡಿ ಒತ್ತಿದರೆ ನಮ್ಮ ದನಿ ನಮಗೇ ಕೇಳುತ್ತದೆ! ಮೊದಲ ಸಲ ತನ್ನ ದನಿ ಕೇಳಿದ ನನ್ನ ಅತ್ತೆ, ‘ಇದು ನಾನಲ್ಲ, ಯಾವಳೋ ಮೂಗನ್ಯಾಗ ಮಾತಾಡಾಕತ್ತಾಳು’ ಎಂದು ಎದ್ದು ಹೋದಳು. ನಮ್ಮ ದನಿಯನ್ನು ನಾವು ಎಲುಬಿನ ಮೂಲಕವೂ ಕೇಳುತ್ತೇವೆ, ಅದಕ್ಕೇ ನಮಗದು ದಪ್ಪವಾಗಿ ಕೇಳಿಸುತ್ತದೆ. ಯಂತ್ರ ಕೊಡುವುದು ಗಾಳಿಯಲ್ಲಿ ಹೋದ ದನಿ ಮಾತ್ರ. ಅತ್ತೆಗೆ ಈ ವಿಜ್ಞಾನ ಹೇಳಬೇಕೆಂದರೆ ಅವಳು ಮತ್ತೆ ಟೇಪಿನ ಹತ್ತಿರ ಬರಲಿಲ್ಲ.

ಅಗ್ಗದ ಕ್ಯಾಸೆಟ್ಟಿನಿಂದ ದೊಡ್ಡ ಕಂಪನಿಗಳ ಹಿಡಿತ ಸಡಿಲಾಯಿತು. ಜಾತ್ರೆಯ ಅಂಗಡಿಗಳಲ್ಲಿ ಡೊಳ್ಳಿನ ಪದ, ಗೀಗಿ ಪದ, ಬಯಲಾಟದ ಕ್ಯಾಸೆಟ್ಟುಗಳು ಸಿನಿಮಾ ಹಾಡುಗಳ ಪಕ್ಕದಲ್ಲೇ ಕುಳಿತವು. ಅಷ್ಟಾದರೂ ಕ್ಯಾಸೆಟ್ಟು ಮಾಡಿಸಲು ಪಟ್ಟಣದ ಸ್ಟುಡಿಯೋಕ್ಕೆ ಹೋಗಬೇಕು, ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು. ಬಸ್ಸು ಹತ್ತಿ ಹೋಗಿ ರಾತ್ರಿ ತಿರುಗಿ ಬರುವುದು ಗಂಡಸರಿಗೆ ಸಾಧ್ಯವಿತ್ತು. ಮಕ್ಕಳನ್ನೂ ಎಮ್ಮೆಯನ್ನೂ ಬಿಟ್ಟು ಯಾವ ಹೆಂಗಸು ಹೋದಾಳು?

ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಇವೆರಡೂ ನಮ್ಮ ಓಣಿಗೆ ತಡವಾಗಿ ಬಂದವು. ನಡುವೆ ಮೆಮೊರಿ ಕಾರ್ಡಿನ ಕಾಲವೊಂದಿತ್ತು. ಬಸ್‌ಸ್ಟ್ಯಾಂಡಿನ ಅಂಗಡಿಯವನು ಕಂಪ್ಯೂಟರಿನಿಂದ ನೂರಾರು ಹಾಡು ತುಂಬಿಕೊಡುತ್ತಿದ್ದ. ನಿಜವಾದ ಬದಲಾವಣೆ ಆದದ್ದು 2016ರ ಸಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ. ಅಂದಿನಿಂದ ಕುರಿ ಕಾಯುವವನ ಕೈಯಲ್ಲೂ ಸ್ಟುಡಿಯೋ ಇದೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ 2018ರಲ್ಲಿ ದೂರದರ್ಶಕದ ಹಾಡಿನ ಸ್ಪರ್ಧೆಗೆ ಬಂದು ನಾಡಿಗೆಲ್ಲ ಮನೆಮಾತಾದದ್ದು ನಿಮಗೆ ನೆನಪಿರಬೇಕು. ನಮ್ಮ ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ನೋಡಿಸಿಕೊಂಡಿತು. 2025ರಲ್ಲಿ ಅವರು ಬಿಗ್ ಬಾಸ್ ಮನೆಗೂ ಹೋದರು. ಅಂಥ ಹಾಡು ನಮ್ಮ ಟ್ರ್ಯಾಕ್ಟರುಗಳಲ್ಲಿ, ಮದುವೆಯ ಮೆರವಣಿಗೆಗಳಲ್ಲಿ, ನನ್ನ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ದಿನಾ ಕೇಳುತ್ತದೆ. ಬೆಂಗಳೂರಿನ ಯಾವ ಕಂಪನಿಯೂ ಆರಿಸದ ನಮ್ಮ ಮಾತು, ನಮ್ಮ ಉಚ್ಚಾರ ನಾಡಿನ ಕಿವಿಗೆ ಬಿದ್ದದ್ದು ಸಣ್ಣ ಸಂಗತಿಯಲ್ಲ.

ಹಳ್ಳಿಯ ಒಂದು ಖೋಲಿಯಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ನಾನು ಹೋಗಿ ನೋಡಿದ್ದೇನೆ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಒಂದು ಕೀಬೋರ್ಡು. ಮೊದಲು ತಾಳದ ‘ಟ್ರ್ಯಾಕ್’ ತಯಾರಾಗುತ್ತದೆ. ಹಾಡುವವನು ಅದನ್ನು ಕಿವಿಯಲ್ಲಿ ಕೇಳುತ್ತ ಒಬ್ಬನೇ ಹಾಡುತ್ತಾನೆ, ಮೈಕಿಗೆ ಬೀಳುವುದು ದನಿ ಮಾತ್ರ. ಆಮೇಲೆ ಎರಡನ್ನೂ ಕೂಡಿಸುತ್ತಾರೆ. ಸ್ವರ ಜಾರಿದರೆ ಆಟೋಟ್ಯೂನ್ ಎಳೆದು ಕೂಡಿಸುತ್ತದೆ. ನೆಲದಡಿಯ ಎಣ್ಣೆ ಹುಡುಕಲು ಶಬ್ದದ ಅಲೆಗಳನ್ನು ಲೆಕ್ಕ ಹಾಕುತ್ತಿದ್ದ ಆ್ಯಂಡಿ ಹಿಲ್ಡೆಬ್ರ್ಯಾಂಡ್ ಎಂಬ ಅಮೆರಿಕದ ಎಂಜಿನಿಯರು ಅದೇ ವಿದ್ಯೆಯಿಂದ 1997ರಲ್ಲಿ ಕಟ್ಟಿದ ಉಪಾಯವದು. ತಂಬೂರಿಯೂ ಮೊಬೈಲಿನಲ್ಲೇ ಮಿಡಿಯುತ್ತದೆ. ಒಂದೂವರೆ ಶತಮಾನದಿಂದ ಮಿರಜದಲ್ಲಿ ಪಂಢರಪುರ ಸೀಮೆಯ ಬುರುಡೆ ತಂದು ತಂಬೂರಿ, ಸಿತಾರ ಕಟ್ಟುವ ಮನೆತನಗಳಿವೆ. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆ ಸಿಕ್ಕರೂ ಹೊಸದಾಗಿ ಕಲಿಯುವ ಹುಡುಗಿ ತಂಬೂರಿಯ ಬದಲು ಪುಕ್ಕಟೆ ಆ್ಯಪು ಹಾಕಿಕೊಳ್ಳುತ್ತಾಳೆ. ಅವಳನ್ನು ಬೈಯಲಾರೆ, ತಂಬೂರಿ ಕೊಡಿಸುವ ತಂದೆ ಎಷ್ಟು ಜನ?

ಕಳೆದುಕೊಂಡದ್ದೂ ಉಂಟು. 2020ರ ಲಾಕ್‌ಡೌನಿನಲ್ಲಿ ಗುಡಿಗಳು ಮುಚ್ಚಿದಾಗ ನಮ್ಮ ಓಣಿಯ ಭಜನಿಯವರು ಮೊಬೈಲಿನ ವಿಡಿಯೋದಲ್ಲಿ ಕೂಡಿ ಹಾಡಲು ನೋಡಿದರು. ಒಬ್ಬರು ‘ವಿಠ್ಠಲ’ ಎನ್ನುವಷ್ಟರಲ್ಲಿ ಇನ್ನೊಬ್ಬರ ತಾಳ ಹಿಂದೆ ಬೀಳುತ್ತಿತ್ತು. ದನಿ ದೂರದ ಕಂಪ್ಯೂಟರುಗಳನ್ನು ಸುತ್ತಿ ಬರಲು ಹತ್ತುವ ಹೊತ್ತು ಮಾತಿಗೆ ಅಡ್ಡಿಯಲ್ಲ, ತಾಳಕ್ಕೆ ಅಡ್ಡಿ. ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾದರೂ ಕೂಡಿ ಹಾಡುವವರಿಗೆ ತೊಡಕಾಗುತ್ತದೆ. ನಾಲ್ಕು ದಿನ ನಕ್ಕು ಬಿಟ್ಟರು. ಇಂಟರ್‌ನೆಟ್ಟು ಒಬ್ಬೊಬ್ಬರಾಗಿ ಹಾಡುವವರನ್ನು ಬೆಳೆಸುತ್ತದೆ, ಎದುರುಬದುರು ಕುಳಿತು ಒಬ್ಬರ ಉಸಿರಿಗೆ ಇನ್ನೊಬ್ಬರು ಉಸಿರು ಕೊಡುವ ಪದ್ಧತಿಯನ್ನು ಬೆಳೆಸಲಾರದು. ಗುಡಿ ತೆರೆದ ಮೇಲೆ ಹಿರಿಯರು ಬಂದರು, ಹುಡುಗರು ಕೆಲವರು ಬರಲಿಲ್ಲ. ಅವರಿಗೆ ಈಗ ಮನೆಯಲ್ಲೇ ಟ್ರ್ಯಾಕ್ ಇತ್ತು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ಓಡುವ ಹಾಡುಗಳಲ್ಲಿ ಬಹಳಷ್ಟು ಹಾಡುಗಳ ವಸ್ತು ಹುಡುಗಿಯೇ. ಕೈಕೊಟ್ಟವಳು, ಮಾವನ ಮಗಳು, ಕಾಲೇಜಿಗೆ ಹೋಗುವವಳು. ಅವಳ ಬಗ್ಗೆ ಹಾಡುವವರು ಸಾವಿರ, ಅವಳೇ ಹಾಡುವುದು ಅಪರೂಪ. ಹಾಡಿದರೆ ಕೆಳಗೆ ಬರುವ ಅಭಿಪ್ರಾಯಗಳನ್ನು ಓದಲಿಕ್ಕೆ ಗಟ್ಟಿ ಎದೆ ಬೇಕು. ಹಳೆಯ ಗೆರೆ ಎಲ್ಲಿಯೂ ಹೋಗಿಲ್ಲ, ಬಾಗಿಲಿನಿಂದ ಪರದೆಯ ಮೇಲೆ ಬಂದಿದೆ.

ಹೀಗಿದ್ದೂ ನಾನು ನಿರಾಶಳಾಗಿಲ್ಲ. ಅದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಅಥಣಿ ತಾಲೂಕಿನ ಹಳ್ಳಿಯೊಂದಕ್ಕೆ ಲಗ್ನವಾಗಿ ಹೋದವಳು. ಅವಳ ಅತ್ತೆಗೆ ಬೀಸುವ ಹಾಡು, ಸೋಬಾನ ಹಾಡು ರಾಶಿರಾಶಿ ಬರುತ್ತವೆ. ಮಕ್ಕಳು ಸಾಲೆಗೆ, ಗಂಡ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಎರಡರಿಂದ ಮೂರರವರೆಗೆ ಅವಳ ಸ್ಟುಡಿಯೋ. ಹಾಸಿಗೆಯ ಖೋಲಿಯಲ್ಲಿ ಗೋಡೆಗೆ ಅತ್ತೆ ಹೊಲಿದ ಕೌದಿಗಳನ್ನು ತೂಗುಹಾಕುತ್ತಾಳೆ. ಹಳೆಯ ಸೀರೆಯ ನಾಲ್ಕು ಪದರ ದನಿಯ ಮಾರ್ದನಿಯನ್ನು ನುಂಗುತ್ತದೆ. ‘ಅಕ್ಕೋರ, ಫ್ಯಾನ್ ಬಂದ್ ಮಾಡ್ರಿ, ಇಲ್ಲಂದ್ರ ಗುಂಯ್ ಅಂತೈತಿ’ ಎಂದು ನನ್ನನ್ನೂ ಬೆವರಿನಲ್ಲಿ ಕೂಡಿಸಿದಳು. ಅತ್ತೆ ಹೇಳಿಕೊಟ್ಟಂತೆ ಹಾಡಿ, ಮುಖ ತೋರಿಸದೆ, ರಂಗೋಲಿಯ ಚಿತ್ರ ಇಟ್ಟು ಯೂಟ್ಯೂಬಿಗೆ ಹಾಕುತ್ತಿದ್ದಳು. ಹೆಸರೂ ಹಾಕಿರಲಿಲ್ಲ. ಮನೆಯಲ್ಲಿ ಮಾವನಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ತಗಾದೆ ಬಂದಾಗ. ಯಾವುದೋ ಚಾನೆಲ್ಲಿನವರು ಅವಳ ದನಿಯನ್ನೇ ಎತ್ತಿ, ಕೆಳಗೆ ಡಿ.ಜೆ. ಬಡಿತ ಸೇರಿಸಿ, ತಮ್ಮದೆಂದು ನೋಂದಾಯಿಸಿಬಿಟ್ಟಿದ್ದರು. ಎರಡು ಹಾಡನ್ನು ಹೋಲಿಸಿ ನೋಡುವ ಕೆಲಸ ಅಲ್ಲಿ ಯಂತ್ರದ್ದು. ಯಂತ್ರಕ್ಕೆ ಯಾರು ನೋಂದಾಯಿಸಿದರು ಎಂಬುದಷ್ಟೇ ಗೊತ್ತು, ಯಾರು ಹಾಡಿದರು ಎಂಬುದು ಗೊತ್ತಿಲ್ಲ. ಹೀಗಾಗಿ ಅವಳ ಹಾಡಿನ ಮೇಲೆಯೇ ಹಕ್ಕಿನ ತಕರಾರು ಬಿತ್ತು. ತಾನು ಹಾಡಿದ್ದು ಕಳವಿನ ಮಾಲೆಂದು ಹೇಳಿಸಿಕೊಂಡಳು! ಅದನ್ನು ಪ್ರಶ್ನಿಸಬಹುದು. ಆದರೆ ಅರ್ಜಿಯಲ್ಲಿ ನಿಜವಾದ ಹೆಸರು ಹಾಕಿ ಸಹಿ ಮಾಡಬೇಕು. ಗಂಡ ಹಿಂದೆಮುಂದೆ ನೋಡಿದ. ‘ಬಿಟ್ಟುಬಿಡು, ಯಾಕ ಬೇಕು ಊರ ಉಸಾಬರಿ’ ಎಂದ. ಮಾವ ಮೊಬೈಲನ್ನೇ ಕಸಿದಿಟ್ಟ.

ಆಗ ಬಾಯಿ ಬಿಟ್ಟವಳು ಅತ್ತೆ. ‘ಆ ಹಾಡ ನಮ್ಮವ್ವಂದು. ಆಕಿ ಹಾಡಿದ್ದು ನಾ ಹಾಡೀನಿ, ನಾ ಹಾಡಿದ್ದು ಈಕಿ ಹಾಡ್ಯಾಳ. ಯಾವನೋ ಬಂದು ನಂದು ಅಂದ್ರ ಹೂಂ ಅಂತ ಕುಂದ್ರಾಕ ಆಗೂದಿಲ್ಲ. ಬರಿಯವಾ ನಿನ್ನ ಹೆಸರು’ ಎಂದಳು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರು ಇರಲಿಲ್ಲ. ಸೊಸೆ ಹೆಸರು ಬರೆದಳು. ತಕರಾರು ಮಾಡಿದವರಿಗೆ ಉತ್ತರ ಕೊಡಲು ಮೂವತ್ತು ದಿನದ ಅವಧಿ. ಅವರು ಉತ್ತರ ಕೊಡಲಿಲ್ಲ, ತಕರಾರು ತಾನೇ ಬಿದ್ದುಹೋಯಿತು. ಈ ಮೂವತ್ತು ದಿನ ಆ ಹುಡುಗಿ ದಿನಾ ಸಂಜೆ ನನಗೆ ಫೋನು ಮಾಡುತ್ತಿದ್ದಳು.

ಈಗ ಅವಳ ಪ್ರತಿ ಹಾಡಿನ ಮೊದಲಿಗೆ ಅತ್ತೆಯ ದನಿ ಬರುತ್ತದೆ. ತನ್ನ ಹೆಸರು, ತವರೂರು, ಹಾಡು ಯಾರಿಂದ ಬಂತು, ಯಾವ ಕೆಲಸದಲ್ಲಿ ಹಾಡುತ್ತಿದ್ದರು, ಇಷ್ಟನ್ನು ಹೇಳುತ್ತಾಳೆ. ಆಮೇಲೆ ಸೊಸೆ ತನ್ನ ಹೆಸರು ಹೇಳಿ ಹಾಡು ಎತ್ತಿಕೊಳ್ಳುತ್ತಾಳೆ. ಗೌಹರ್ ಜಾನಳ ಕತೆಯನ್ನು ನಾನು ಅವರಿಗೆ ಹೇಳಿದ್ದೆ; ‘ಆಕಿ ಕಡೀಕ ಹೇಳತಿದ್ಲು, ನಾವು ಮೊದಲ ಹೇಳೋಣು’ ಎಂದಳು ಅತ್ತೆ. ಹಣವೇನೂ ಬಂದಿಲ್ಲ. ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ಬೇಕೆಂದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ತಾಸಿನ ವೀಕ್ಷಣೆ ಎಂಬ ನಿಯಮವನ್ನು 2018ರಲ್ಲಿ ಮಾಡಿದ್ದಾರೆ. ಬೀಸುವ ಹಾಡನ್ನು ಅಷ್ಟು ತಾಸು ಕೇಳುವವರು ಸಿಕ್ಕಿಲ್ಲ. ಆದರೆ ಪುಣೆಯಲ್ಲಿ, ಮುಂಬಯಿಯಲ್ಲಿ ಇರುವ ನಮ್ಮ ಕಡೆಯ ಹೆಣ್ಣುಮಕ್ಕಳು ‘ಇದು ನಮ್ಮಜ್ಜಿ ಹಾಡತಿದ್ದದ್ದು’ ಎಂದು ಬರೆಯುತ್ತಾರೆ. ಕೆಲವರು ಬಿಟ್ಟುಹೋದ ನುಡಿಗಳನ್ನೂ ಸೇರಿಸಿ ಕಳಿಸುತ್ತಾರೆ. ಮಾವ ಮೊಬೈಲನ್ನು ತಿರುಗಿ ಕೊಟ್ಟಿದ್ದಾನೆ. ಹಾಡು ಕೇಳಿದ್ದೇನೆಂದು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲವಂತೆ.

ಗೆಳತಿಯರೆ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ, ಅಜ್ಜಿ ಇರಬಹುದು. ಸ್ಟುಡಿಯೋ ಬೇಡ, ಚಾನೆಲ್ಲೂ ಬೇಡ. ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ಮೊಬೈಲನ್ನು ಅವರ ಬಾಯಿಂದ ಒಂದು ಗೇಣು ದೂರ ಇಡಿ. ಹಾಡಿಗೆ ಮೊದಲು ಅವರ ಹೆಸರು, ಊರು, ಹಾಡು ಕಲಿಸಿದವರ ಹೆಸರು ಹೇಳಿಸಿ, ಅಂದಿನ ತಾರೀಖು ನೀವು ಹೇಳಿ. ಮೊಬೈಲು ಕೆಡುತ್ತದೆ, ಕಳೆಯುತ್ತದೆ. ಆದ್ದರಿಂದ ಪ್ರತಿಯೊಂದನ್ನು ಬೇರೆ ಎರಡು ಕಡೆ ಇಡಿ. ಊರಿಗೆ ಕೇಳಿಸುವುದೋ ಬೇಡವೋ ಎಂಬುದನ್ನು ಹಾಡಿದವರನ್ನೇ ಕೇಳಿ. ಅವರು ಬೇಡವೆಂದರೆ ಮನೆಯಲ್ಲೇ ಇರಲಿ. ಈ ಕೆಲಸಕ್ಕೆ ಮಧ್ಯಾಹ್ನದ ಒಂದು ತಾಸು ಸಾಕು, ಅದನ್ನು ಈ ವಾರವೇ ಮಾಡಿ.